ದೇವರನ್ನೂ ಬಿಡದ ನಿನ್ನ ಆಯಿ

ಯವ್ವಾ ಮಗಳೇ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನನ್ನ ಅತ್ತೆ, ನಿನ್ನ ಆಯಿಗೆ ನಿಜವಾಗಿ ಎಷ್ಟು ವಯಸ್ಸಾಗಿತ್ತು ಅಂತ. ಆಧಾರ್ ಕಾರ್ಡಿನಲ್ಲಿ 1940ರ ಜನವರಿ 1 ಅಂತಿದೆ. ಅದನ್ನು ನಂಬಬೇಡ. ನಮ್ಮ ಕಡೆ ಎಷ್ಟೋ ಹಿರಿಯರು ಕಾರ್ಡಿನ ಪ್ರಕಾರ ಜನವರಿ ಒಂದಕ್ಕೇ ಹುಟ್ಟಿದವರು. ಕಾರ್ಡು ಮಾಡುವ ಹುಡುಗ ಕೇಳಿದಾಗ ಆಯಿ, "ರಜಾಕಾರರ ಗಲಾಟಿ ಆದಾಗ ನಾ ಒಬ್ಬಾಕಿನೇ ಒಂದು ಬುಟ್ಟಿ ರೊಟ್ಟಿ ಬಡೀತಿದ್ದೆ, ಲೆಕ್ಕ ಹಾಕ್ಕೋ" ಅಂದಿದ್ದರು. ರಜಾಕಾರರು ಅಂದರೆ ನಿಜಾಮನ ಪರದ ಖಾಸಗಿ ಪಡೆ ಅಂತ ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ತೋಚಿದ್ದು ಹಾಕಿದ. ನನ್ನ ಲೆಕ್ಕದಲ್ಲಿ ತೊಂಬತ್ತಕ್ಕೆ ಒಂದೆರಡು ವರ್ಷ ಕಡಿಮೆ ಇತ್ತು, ಅಷ್ಟೇ.

ಆ ಗಲಾಟೆಯ ಕತೆ ನಿನಗೆ ಅರ್ಧ ಗೊತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾದರೂ ಕಲಬುರಗಿ, ಬೀದರ್ ಎಲ್ಲ ಹೈದರಾಬಾದಿನ ನಿಜಾಮನ ಕೈಯಲ್ಲೇ ಇದ್ದವು. ಆಳಂದ ಸೀಮೆಯ ಆಯಿಯ ತವರಿನವರು ಒಂದು ರಾತ್ರಿ ಎತ್ತಿನ ಕೊರಳಿನ ಗೆಜ್ಜೆ ಬಿಚ್ಚಿ, ಗಾಡಿ ಕಟ್ಟಿ, ಗಡಿ ದಾಟಿ ದುಧನಿಗೆ ಹೋದರು. ಜೋಳವೆಲ್ಲ ನೆಲದೊಳಗಿನ ಹಗೇವಿನಲ್ಲೇ ಉಳಿಯಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಇವರು ವಾಪಸ್ ಬಂದು ನೋಡಿದರೆ ಊರಲ್ಲಿ ಎಷ್ಟೋ ಮನೆ ಲೂಟಿಯಾಗಿದ್ದವು, ಇವರ ಹಗೇವು ಮಾತ್ರ ಹಾಗೇ ಇತ್ತು. ಪಕ್ಕದ ಮನೆಯ ಮುಸಲ್ಮಾನರು ಅದರ ಬಾಯಿಗೆ ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ಮೇಲೆ ಎಮ್ಮೆ ಕಟ್ಟಿದ್ದರಂತೆ.

ನಿನಗೆ ಗೊತ್ತಿಲ್ಲದ ಅರ್ಧ ಇದು. ಮಿಲಿಟರಿ ಬಂದ ಮೇಲೆ ಗಾಳಿ ತಿರುಗಿತು. ಈಗ ಹೆದರುವ ಸರದಿ ಮುಸಲ್ಮಾನರದ್ದು. ಏನೂ ತಪ್ಪು ಮಾಡದವರೂ ಆಗ ಬಹಳ ಮಂದಿ ಸತ್ತರು. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಈ ಭಾಗ ಅಷ್ಟಾಗಿ ಕೇಳಿಸುವುದಿಲ್ಲ. ಆ ಎಮ್ಮೆ ಕಟ್ಟಿದವರ ಮಕ್ಕಳನ್ನು ಆಯಿಯ ಅಪ್ಪ ತಮ್ಮ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ಅವರಿಗೆ ರೊಟ್ಟಿ ಬಡಿದವರೇ ನಿನ್ನ ಆಯಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ಉರುಸಿಗೆ ಬಂದೇನವಾಜ್ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ದರ್ಗಾಕ್ಕೆ ಯಾಕೆ ಅಂತ ಯಾರೋ ಬೀಗರು ಕೇಳಿದರೆ, "ಅದು ನಮ್ಮ ಹಗೇವಿನ ಲೆಕ್ಕ, ನಿಮಗೇನು ಅದರದ್ದು?" ಅಂದುಬಿಟ್ಟರು. ಬೀಗರು ಆಮೇಲೆ ಚಹಾ ಕೂಡ ಮುಟ್ಟಲಿಲ್ಲ.

ಈಗ ಮನೆಗೆ ಬಂದವರೆಲ್ಲ ಆಯಿ ಎಂಥ ಶಾಂತ ಸ್ವಭಾವದವರು, ಬರೀ ದೇವರು, ಪೂಜೆ ಅಂತ ಹೇಳುತ್ತಾರೆ. ನನಗೆ ನಗು ಬರುತ್ತದೆ. ಆಯಿಯ ಪೂಜೆಯಲ್ಲಿ ಅರ್ಧ ಜಗಳವೇ ಇರುತ್ತಿತ್ತು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗ ಕೈಯಲ್ಲಿ ಹಿಡಿದು ಕೂತರೆ ಮೊದಲು ತೊಗರಿಯ ರೇಟು, ಆಮೇಲೆ ಮಳೆ, ಆಮೇಲೆ ನನ್ನ ರೊಟ್ಟಿ. "ಈಕಿಗೆ ಯಾವಾಗ ದುಂಡಗ ಬಡೀಲಿಕ್ಕೆ ಬರ್ತದಪ್ಪಾ" ಅಂತ ನನಗೆ ಕೇಳುವ ಹಾಗೇ ಶಿವನ ಹತ್ತಿರ ದೂರು! ಹೊಸದರಲ್ಲಿ ನಾನು ಒಳಗೆ ಹೋಗಿ ಅಳುತ್ತಿದ್ದೆ. ಆಮೇಲಾಮೇಲೆ ಒಲೆಯ ಮುಂದಿನಿಂದಲೇ ಉತ್ತರ ಕೊಡಲು ಕಲಿತೆ.

ಆದರೆ ಯಾದಗಿರಿಯಲ್ಲಿ ನನಗೆ ಟೀಚರ್ ನೌಕರಿ ಸಿಕ್ಕಾಗ ಬೇಡ ಅಂದವರ ಬಾಯಿ ಮುಚ್ಚಿಸಿದವರೂ ಇವರೇ. ನಿನಗಾಗ ಇನ್ನೂ ವರ್ಷ ತುಂಬಿರಲಿಲ್ಲ. "ಕೂಸಿನ ಚಿಂತಿ ನನಗ ಬಿಡು, ರೈಲಿನ ಚಿಂತಿ ನೀ ನೋಡು" ಅಂದರು. ಸಂಜೆ ವಾಡಿಯಲ್ಲಿ ಗಾಡಿ ತಡವಾಗಿ ನಾನು ಕತ್ತಲಾದ ಮೇಲೆ ಮನೆ ಸೇರಿದರೆ ನೀನು ಆಯಿಯ ಸೀರೆಯ ಸೆರಗು ಹಿಡಿದು ಮಲಗಿರುತ್ತಿದ್ದೆ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮೂರ ಶರಣಬಸಪ್ಪ ಅಂದರೆ ಆಯಿಗೆ ಜೀವ. ಅರಳಗುಂಡಗಿಯಲ್ಲಿ ಹುಟ್ಟಿದ ಆ ಶರಣರು ಬೆಳೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರು ಇಡುತ್ತಿದ್ದರು ಎನ್ನುವ ಕತೆ ಕೇಳಿ, ಇವರೂ ಜೋಳ ಹಾಲ್ದೆನೆಗೆ ಬಂದಾಗ ಕವಣೆ ಹಿಡಿಯಲು ಒಪ್ಪುತ್ತಿರಲಿಲ್ಲವಂತೆ. ಮುತ್ಯಾ ಪಾಪ, ಅಟ್ಟದ ಮೇಲೆ ಒಬ್ಬರೇ ಕೂಗುತ್ತಿದ್ದರು. ಹೋಳಿ ಹುಣ್ಣಿಮೆ ಆಗಿ ಐದನೇ ದಿನ ಆ ಅಪ್ಪನ ತೇರು. ಶರಣರ ಪರುಸ ಬಟ್ಟಲು ತೋರಿಸುವ ಹೊತ್ತಿಗೆ ಗುಡಿಯ ಮುಂದೆ ನಿಲ್ಲಲೇಬೇಕು. ಎಂಬತ್ತು ದಾಟಿದ ಮೇಲೂ ಆ ನೂಕುನುಗ್ಗಲಿನಲ್ಲಿ ಕಲಶಕ್ಕೆ ಗುರಿ ಇಟ್ಟು ಉತ್ತತ್ತಿ ಎಸೆದರು. ಅದು ಹೋಗಿ ಒಬ್ಬ ಪೊಲೀಸಪ್ಪನ ಕಿವಿಗೆ ಬಡಿಯಿತು. ಅವನು ತಿರುಗಿ ನೋಡಿದ. ಆಯಿ ಕೈ ಮುಗಿದು, "ಪ್ರಸಾದ ತಮ್ಮಾ, ತಿನ್ನು" ಅಂದರು. ತಿಂದ!

2020ರ ಮಾರ್ಚ್ ನೆನಪಿದೆಯಾ? ದೇಶದಲ್ಲೇ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿಯಲ್ಲಾಯಿತು. ಆ ಸಲ ನಾವು ಆಯಿಯನ್ನು ತೇರಿಗೆ ಬಿಡಲಿಲ್ಲ. ಮಾಳಿಗೆ ಹತ್ತಿ ಅಪ್ಪನ ಕೆರೆಯ ದಿಕ್ಕಿಗೆ ಮುಖ ಮಾಡಿ ನಿಂತು ಬೈದರು. "ನನಗ ಬರಗೊಡಲಿಲ್ಲ ಇವರು. ನಿನಗೇನಾಗಿತ್ತು? ನೀನರ ಬರಬೇಕಿತ್ತಿಲ್ಲೋ?" ಆ ದಿನ ಊಟವನ್ನೂ ಮಾಡಲಿಲ್ಲ.

ಇಷ್ಟೆಲ್ಲ ಹೇಳಿ ಗ್ಲಾಸಿನ ವಿಷಯ ಬಿಟ್ಟರೆ ಸರಿಯಲ್ಲ. ಬಸವಣ್ಣನ ವಚನ ಬಾಯಿಪಾಠ ಇದ್ದ ಹೆಂಗಸು, ಹೊಲದ ಕೆಲಸಕ್ಕೆ ಬರುವವರಿಗೆ ಮಾತ್ರ ಹಿತ್ತಲಿನ ಗೂಡಿನಲ್ಲಿ ಬೇರೆ ಗ್ಲಾಸು ಇಟ್ಟಿದ್ದರು. ಇಷ್ಟು ವರ್ಷ ಆ ಮನೆಯಲ್ಲಿದ್ದು ನನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನೀನು ಸೀದಾ ಹೋಗಿ ಅದೇ ಗ್ಲಾಸಿನಲ್ಲಿ ನೀರು ಕುಡಿದೆ, ಆಯಿಯ ಕಣ್ಣೆದುರೇ. ಅವರು ಕೆಲವು ದಿನ ನಿನ್ನ ಜೊತೆ ಮಾತು ಬಿಟ್ಟರು. ಆಮೇಲೆ ಗೂಡು ಖಾಲಿ. ಆ ಗ್ಲಾಸು ಒಳಗಿನ ಮಾಡದಲ್ಲಿ ಎಲ್ಲವುಗಳ ಜೊತೆ ಸೇರಿತ್ತು, ಯಾವುದು ಅಂತ ಗುರುತು ಸಿಗಲಿಲ್ಲ. ಯಾಕೆ, ಏನು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನೀನು ಕೇಳಿದ್ದೆಯಾ?

ಕೊನೆಯ ದಿನಗಳನ್ನು ನೀನೇ ನೋಡಿದ್ದೀ. ಆಸ್ಪತ್ರೆ ಬೇಡ ಅಂದರು, ಹೊಲದಲ್ಲಿ ಮುತ್ಯಾನ ಮಗ್ಗುಲಿಗೇ ಮಣ್ಣು ಮಾಡಿ ಅಂದರು, ಹಾಗೇ ಮಾಡಿದೆವು.

ಈಗ ಕೆಲಸದ ಮಾತು. ಎಳ್ಳ ಅಮಾವಾಸ್ಯೆ ಬಂತು. ಮುತ್ಯಾ ತೀರಿಹೋದ ವರ್ಷ, ಭೂಮಿತಾಯಿಗೆ ಎಡೆಯನ್ನು ಹೊಲದ ತುಂಬ ಎರಚುವ ಚರಗವನ್ನು ಯಾರು ಚೆಲ್ಲಬೇಕು ಅಂತ ಗಂಡಸರು ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದಾಗ, ಆಯಿ ಬುಟ್ಟಿ ಹೊತ್ತು ಹೊಲಕ್ಕೆ ನಡೆದುಬಿಟ್ಟಿದ್ದರಂತೆ. ಗಂಡ ಸತ್ತಾಕೆ ಚರಗ ಚೆಲ್ಲಿದರೆ ಬೆಳೆ ಕೆಡುತ್ತದೆ ಅಂದವರಿಗೆ, "ಭೂಮಿತಾಯಿ ಗಂಡ ಎಲ್ಲಿದ್ದಾನ, ತೋರಿಸ್ರಿ" ಅಂದರಂತೆ. ಅಂದಿನಿಂದ ಕೈಲಾಗುವತನಕ ಅವರೇ ಚೆಲ್ಲಿದರು. ಈ ಸಲ ನಾನು ಚೆಲ್ಲಬೇಕು ಅಂತಿದ್ದೇನೆ. ನಿನ್ನ ಕಾಕಾ ಗೊಣಗುತ್ತಿದ್ದಾರೆ, ಗೊಣಗಲಿ. ನಿಮ್ಮಪ್ಪ ಎಂದಿನಂತೆ ಏನೂ ಹೇಳಿಲ್ಲ, ಅದನ್ನೇ ಒಪ್ಪಿಗೆ ಅಂದುಕೊಂಡಿದ್ದೇನೆ.

ಉದ್ಯಾನ್ ರೈಲಿಗೆ ಈಗಲೇ ಟಿಕೆಟ್ ಮಾಡಿಸು, ಆಮೇಲೆ ಸಿಗುವುದಿಲ್ಲ. ಸಜ್ಜೆ ಕಡಬು ನಾನು ನೋಡಿಕೊಳ್ಳುತ್ತೇನೆ. ಬಜ್ಜಿಗೆ ಸೊಪ್ಪು, ಕಾಳು ಬಿಡಿಸಲು ಒಬ್ಬರು ಬೇಕೇ ಬೇಕು. ಹಿಂದಿನ ದಿನವೇ ಬಂದುಬಿಡು.

ನಿನ್ನ ಅವ್ವ
ಕಲಬುರಗಿ