ಹಿಕ್ಕೆಗೂ ಬೆಲೆ ಕಟ್ಟಬೇಕಂತೆ!

ಮಾನ್ಯರೇ,

ಅಂಗೋಲಾದ ಕಾಂಗಂಡಾಲಾ ರಾಷ್ಟ್ರೀಯ ಉದ್ಯಾನದಲ್ಲಿ ಡಿಎನ್‌ಎ ಪರೀಕ್ಷೆಗೆಂದು ನಾವು ಆಯ್ದ ಹಿಕ್ಕೆಯ ಪೊಟ್ಟಣಗಳನ್ನು ಕಸ್ಟಮ್ಸ್‌ನವರು ತಡೆಹಿಡಿದ ಸುದ್ದಿಗೆ ನೀವು ಕೊಟ್ಟ ತಲೆಬರಹ ‘ಅನುಮಾನಾಸ್ಪದ ವಸ್ತು ವಶ’. ಅನುಮಾನ ಏತಕ್ಕೆ? ಅವು ಪಲಂಕಾ ನೆಗ್ರಾ ಎಂಬ ದೈತ್ಯ ಕಪ್ಪು ಹುಲ್ಲೆಯ ಹಿಕ್ಕೆ. ಸರಕಿನ ಮಾರುಕಟ್ಟೆ ಬೆಲೆ ಬರೆಯಿರಿ ಎಂದರು. ಸೊನ್ನೆ ಬರೆದರೆ ಕಂಪ್ಯೂಟರ್ ಒಪ್ಪುವುದಿಲ್ಲವಂತೆ! ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪರವಾನಗಿ ಕೇಳಿದರು. ಪ್ರಾಣಿಯನ್ನು ಮುಟ್ಟದೆ ನೆಲದಿಂದ ಆಯ್ದ ಮಲ ಆ ಒಪ್ಪಂದಕ್ಕೆ ಒಳಪಡುವುದಿಲ್ಲವೆಂಬ ನಿರ್ಣಯವನ್ನೇ ತೋರಿಸಿದೆವು. ಪೋರ್ಚುಗೀಸ್‌ಗೆ ಅನುವಾದಿಸಿ, ನೋಟರಿ ಮಾಡಿಸಿ ಎಂದರು. ಮಾಡಿಸಿ ತಂದ ದಿನ ಸಾಹೇಬರು ರಜೆ. ಪಶುವೈದ್ಯರ ಪ್ರಮಾಣಪತ್ರದ ಮೊಹರು ಮಸುಕಾಗಿದೆ ಎಂದು ಮತ್ತೊಬ್ಬರು.

ಹಿಕ್ಕೆಯ ಹೊರಮೈಗೆ ಅಂಟಿದ ಕರುಳಿನ ಕೋಶಗಳೇ ನಮಗೆ ಬೇಕಾದದ್ದು. ಒಂದು ದಿನ ಆಲ್ಕೋಹಾಲ್‌ನಲ್ಲಿಟ್ಟು, ಬಸಿದು, ಸಿಲಿಕಾ ಹರಳಿಗೆ ಹಾಕುತ್ತೇವೆ. ಆಲ್ಕೋಹಾಲ್ ವಿಮಾನಕ್ಕೆ ಅಪಾಯಕಾರಿ ಸರಕು, ಅದಕ್ಕೇ ಈ ಒಣ ವಿಧಾನ. ತಪಾಸಣೆಯ ಹೆಸರಲ್ಲಿ ಕೊಳವೆಗಳ ಮುಚ್ಚಳ ತೆಗೆದು, ಒಂದೇ ಕೈಗವಸಿನಲ್ಲಿ ಎಲ್ಲವನ್ನೂ ಕೆದಕಿದ್ದಾರೆ. ಕಿತ್ತಳೆ ಬಣ್ಣದ ಹರಳು ಹಸಿರಾಗಿದೆ, ಅಂದರೆ ತೇವ ಕುಡಿದು ತುಂಬಿದೆ. ಬಿಸಿ ಗೋದಾಮಿನಲ್ಲಿ ಇನ್ನು ಡಿಎನ್‌ಎ ಉಳಿದೀತೇ? ಉಳಿದರೂ ಯಾವುದು ಯಾವ ಪ್ರಾಣಿಯದು?

ಈ ದೈತ್ಯ ಉಪಜಾತಿ ಇರುವುದು ಜಗತ್ತಿನಲ್ಲಿ ಅಂಗೋಲಾದಲ್ಲಿ ಮಾತ್ರ, ಅದೂ ಕಾಂಗಂಡಾಲಾ ಮತ್ತು ಲುವಾಂಡೊ ಮೀಸಲು ಪ್ರದೇಶ, ಎರಡೇ ಕಡೆ. 2002ರವರೆಗಿನ ಯುದ್ಧದಲ್ಲಿ ಕಾಂಗಂಡಾಲಾದ ಗಂಡುಗಳೆಲ್ಲ ಹೋಗಿ, ಹೆಣ್ಣುಗಳು ರೋನ್ ಎಂಬ ಬೇರೆ ಜಾತಿಯ ಹುಲ್ಲೆಯೊಡನೆ ಕೂಡಿ ಮಿಶ್ರತಳಿ ಹುಟ್ಟಿತು. 2009ರಲ್ಲಿ ಲುವಾಂಡೊದಿಂದ ಗಂಡು ತರಬೇಕಾಯಿತು. ಯಾವುದು ಅಪ್ಪಟ, ಯಾವುದು ಮಿಶ್ರ ಎಂದು ತಿಳಿಯಲೇ ಈ ಹಿಕ್ಕೆ. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ನೋಡಿದರೆ ಮಿಶ್ರತಳಿಯೂ ಅಪ್ಪಟವೆಂದೇ ಕಾಣುತ್ತದೆ. ಕೋಶಕೇಂದ್ರದ ಡಿಎನ್‌ಎ ಬೇಕೇಬೇಕು, ಹಳಸಿದ ಮಾದರಿಯಲ್ಲಿ ಮೊದಲು ಕೈಕೊಡುವುದು ಅದೇ. ಮಳೆ ಶುರುವಾದರೆ ಹೊಸ ಹಿಕ್ಕೆಯೂ ಸಿಗದು. ನೀರು ತೊಳೆದದ್ದು ಬಿಟ್ಟರೆ ಸಗಣಿ ಹುಳುಗಳ ಪಾಲು.

ಇಲ್ಲಿನ ಅಧಿಕಾರಿಗಳ ಕಾರುಬಾರು ಇಂದಿನದಲ್ಲ. ಲುವಾಂಡೊದ ನೀರಿನ ಗುಂಡಿಗಳ ಬಳಿ ತಂತಿ ಉರುಳು ಬಿಡಿಸುವ ಕಾವಲುಗಾರರ ಜೀಪಿಗೆ ಡೀಸೆಲ್ ಕೇಳಿದರೆ ‘ಮುಂದಿನ ತ್ರೈಮಾಸಿಕ’. ಸಂಶೋಧನಾ ಅನುಮತಿಯ ನವೀಕರಣ ಕೈಸೇರುವ ಹೊತ್ತಿಗೆ ಅವಧಿಯೇ ಮುಗಿದಿರುತ್ತದೆ. ದೇಶದ ವಿಮಾನದ ಬಾಲದ ಮೇಲೆ ಪಲಂಕಾ ತಲೆ, ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಅದರ ಹೆಸರು, ಭಾಷಣದಲ್ಲಿ ರಾಷ್ಟ್ರದ ಹೆಮ್ಮೆ. ಜೀವಂತ ಪಲಂಕಾ ಮಾತ್ರ ಯಾವ ಮೇಜಿಗೂ ಸೇರಿದ್ದಲ್ಲ!

ಮಾದರಿಗಳನ್ನು ಕೂಡಲೇ ಬಿಡಲಿ. ಹಾಳಾಗಿದ್ದರೆ ಹಾಗೆಂದು ಬರೆದಾದರೂ ಕೊಡಲಿ. ಸಂಬಂಧಪಟ್ಟವರು ಕ್ರಮ ಕೈಗೊಳ್ಳಲಿ, ಆ ಸಂಬಂಧಪಟ್ಟವರು ಯಾರೆಂದು ಮೊದಲು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳಲಿ. ಅದೂ ಆಗದಿದ್ದರೆ ಕುರ್ಚಿ ಬಿಟ್ಟೇಳಲಿ.

– ನೊಂದ ಕನ್ನಡಿಗ ಸಂಶೋಧಕರು, ಮಲಾಂಜೆ, ಅಂಗೋಲಾ