ಸೀನಂಗೊಂದು ಪತ್ರ, ಗುಜರಿ ವಿಷಯವಾಗಿ

ಲೋ ಸೀನ,

ವಾಟ್ಸಾಪಲ್ಲಿ ಬರೆದ್ರೆ ನೀನು ಒಂದು ಥಂಬ್ಸ್ ಅಪ್ ಒತ್ತಿ ಮಲ್ಕೊಂಡ್ಬಿಡ್ತೀಯ, ಅದಕ್ಕೇ ಇಲ್ಲಿ ಎಲ್ರ ಮುಂದೆ ಬರೀತಿದೀನಿ. ಓದೋರು ಓದ್ಕೊಳ್ಳಲಿ. ಹನ್ನೊಂದನೇ ಇಡ್ಲಿ ವಿಷ್ಯ ಎತ್ತಲ್ಲ, ಪ್ರಾಮಿಸ್.

ಆಫೀಸ್ ಕೆಲ್ಸದ ಮೇಲೆ ಸಿಂಗಪುರಕ್ಕೆ ಹೋಗಿದ್ನಲ್ಲ. ಚಾಂಗಿ ಅಂದ್ರೆ ನಂಗೆ ಏರ್‌ಪೋರ್ಟು, ಅದರೊಳಗಿರೋ ಫಾಲ್ಸು, ಅದ್ರ ಮುಂದೆ ಹಲ್ಲು ಕಿರಿದಿದ್ದ ಫೋಟೋ (ಅದಕ್ಕೆ ನೀನು "ಜೋಗಕ್ಕೆ ಬಾರೋ ಸಾಕು" ಅಂತ ಹಾಕಿದ್ದೆ, ಮರ್ತಿಲ್ಲ) ಇಷ್ಟೇ. ಕೊನೇ ದಿನ ಟೈಮಿತ್ತು ಅಂತ ಚಾಂಗಿಲೇ ಇರೋ ಯುದ್ಧಕೈದಿಗಳ ಮ್ಯೂಸಿಯಂಗೆ ಹೋದೆ ನೋಡು, ಬಂದ್ಮೇಲೆ ಎರಡು ರಾತ್ರಿ ಅದನ್ನೇ ಓದ್ಕೊಂಡು ಕೂತಿದ್ದೆ. 1942ರ ಫೆಬ್ರವರಿ 15ಕ್ಕೆ ಬ್ರಿಟಿಷರು ಜಪಾನಿನವರಿಗೆ ಶರಣಾದ್ಮೇಲೆ, 600 ಜನಕ್ಕೆ ಅಂತ ಕಟ್ಟಿದ್ದ ಚಾಂಗಿ ಜೈಲಿಗೆ ಸುಮಾರು ಮೂರು ಸಾವಿರ ಸಿವಿಲಿಯನ್ನರನ್ನ ತುಂಬಿದ್ರಂತೆ, ಹೆಂಗಸರು ಮಕ್ಳು ಒಂದು ಕಡೆ, ಗಂಡಸರು ಇನ್ನೊಂದು ಕಡೆ, ಸೈನಿಕರು ಅಲ್ಲೇ ಹತ್ರದ ಬ್ಯಾರಕ್ಕುಗಳಲ್ಲಿ.

ಬರೀ ಪಾಲಿಶ್ ಅಕ್ಕಿ ಅನ್ನ ತಿಂದೂ ತಿಂದೂ ಬೆರಿಬೆರಿ ಬಂದೋರಿಗೆ ಏನ್ ಕೊಡ್ತಿದ್ರು ಹೇಳು? ತೌಡು! ನಾವು ಹಸುಗೆ ಕಲಸಿ ಇಡೋ ತೌಡು. ಆ ಕಾಯಿಲೆ ಬರೋದೇ ಬಿ1 ವಿಟಮಿನ್ ಕಮ್ಮಿಯಾಗಿ, ತೌಡಲ್ಲಿ ಅದಿರುತ್ತೆ. ಹುಲ್ಲಿನ ರಸಾನೂ ತೆಗೆದು ಕುಡೀತಿದ್ರಂತೆ. ಇನ್ಮೇಲೆ ನನ್ನ ಪೋಸ್ಟ್ ನೋಡಿ "ತೌಡು ಕುಟ್ತಾವ್ನೆ" ಅಂದ್ರೆ ಹೊಗಳಿಕೆ ಅಂದ್ಕೋತೀನಿ.

ಇನ್ನ ಸಾಮಾನಿನ ಕತೆ ಕೇಳು. ಕೆಟ್ಟ ಲಾರಿಗಳ ಇಂಜಿನ್ ಕಿತ್ತಾಕಿ ಬರೀ ಚಾಸಿಗೆ ಹಗ್ಗ ಕಟ್ಟಿ ಎತ್ತಿನ ಥರ ತಾವೇ ಎಳ್ಕೊಂಡು ಹೋಗೋರು, ಸೌದೆ ಗಿವ್ದೆ ಎಲ್ಲಾ ಅದ್ರಲ್ಲೇ. ಕಾಲು ಕಳ್ಕೊಂಡೋರಿಗೆ ಗುಜರಿ ಲೋಹ, ಮರ ಸೇರ್ಸಿ ಕಾಲು ಮಾಡೋರು. ರಬ್ಬರ್ ಹಾಲಲ್ಲಿ ಬೂಟಿಗೆ ತೇಪೆ. ಪೊರಕೆಯೊಳಗೆ ರೇಡಿಯೋ ಕಣೋ! ಕಾವಲುಗಾರ ಮುಂದೇನೇ ನಿಂತಿದಾನೆ, ಇವ್ರು ಪೊರಕೆ ಹಿಡ್ಕೊಂಡಿದಾರೆ, ಅದ್ರೊಳಗೆ ಲಂಡನ್ ಕೂತಿದೆ.

ಇದನ್ನ ಓದ್ತಾ ಇದ್ದಾಗ ಅಪ್ಪನ ಮೂಟೆಗಳು ನೆನಪಾದ್ವು. ನೀನು ನೋಡಿದೀಯ, ಅಟ್ಟದ ಮೇಲೆ ಎರಡಿದ್ವು. ಸೊಟ್ಟ ಮೊಳೆ, ಛತ್ರಿ ಕಡ್ಡಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ, ಡಬ್ಬಿ ಮುಚ್ಚಳ, ಹಾರ್ಲಿಕ್ಸ್ ಬಾಟ್ಲಲ್ಲಿ ಸೈಜುವಾರು ನಟ್ಟು ಬೋಲ್ಟು. ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ ಮನುಷ್ಯ, ನಮ್ಮನೆ ಕುಕ್ಕರ್ ಹಿಡಿ ಇವತ್ತಿಗೂ ಯಾವ್ದೋ ಬಸ್ಸಿನ ಬೋಲ್ಟ್ ಮೇಲೆ ನಿಂತಿದೆ. ದೀಪಾವಳಿಗೆ ಮನೆ ಕ್ಲೀನಿಂಗ್ ಅಂತ ನಾನು ಆ ಎರಡೂ ಮೂಟೆ ಗುಜರಿಗೆ ಹಾಕ್ದೆ. ಕೇಳ್ಲಿಲ್ಲ. 340 ರೂಪಾಯಿ ಬಂತು, ಅದ್ರಲ್ಲಿ ಮಸಾಲೆಪುರಿ ತಂದು ಅಪ್ಪಂಗೂ ಒಂದು ಪ್ಲೇಟ್ ಕೊಟ್ಟೆ.

ಆವತ್ತಿಂದ ಅಪ್ಪ ನನ್ ಹತ್ರ ಮಾತಾಡಿಲ್ಲ. ಜಗಳಾನೂ ಇಲ್ಲ. ಏನಾದ್ರೂ ಬೇಕಂದ್ರೆ ನನ್ ಮಗಳ ಕೈಲಿ ಹೇಳಿ ಕಳಿಸ್ತಾರೆ. ನಿಂಗೆ ಫೋನಲ್ಲಿ "ಅಪ್ಪಂಗೆ ಈಗೀಗ ಕಿವಿ ಮಂದ ಕಣೋ" ಅಂತ ಹೇಳಿದ್ನಲ್ಲ, ಸುಳ್ಳು ಅದು. ಕಿವಿ ಚೆನ್ನಾಗೇ ಕೇಳ್ಸುತ್ತೆ.

ಆ ಜೈಲಲ್ಲಿ ಹೆಂಗಸರು ಕೌದಿ ಹೊಲಿದ್ರಂತೆ. ಎಥೆಲ್ ಮಲ್ವನಿ ಅಂತ ಕೆನಡಾದವಳು ಮುಂದೆ ನಿಂತು ಮಾಡ್ಸಿದ್ದು. ಮೂರು ಕೌದಿ, ಒಂದೊಂದಕ್ಕೂ 66 ಚೌಕ, ಒಬ್ಬೊಬ್ರು ಆರಿಂಚಿನ ಒಂದು ತುಂಡು ಬಟ್ಟೆ ಮೇಲೆ ತಮ್ಮ ಹೆಸರು, ಜೊತೆಗೆ ತಮ್ಮದು ಅನ್ನೋ ಏನಾದ್ರೂ ಕಸೂತಿ ಹಾಕ್ಬೇಕು. ಒಬ್ಳು ಹೂವು ಹಾಕಿದಾಳೆ, ಒಬ್ಳು ತನ್ನ ಸೆಲ್ಲನ್ನೇ ಹಾಕಿದಾಳೆ. ಗಾಯಾಳು ಸೈನಿಕರಿಗೆ ಹೊದಿಯೋಕೆ ಅಂತ ಹೆಸರಿಗೆ. ಮೂರನೇದು ಜಪಾನಿ ಗಾಯಾಳುಗಳಿಗೂ ಅಂತೆ, ಪರ್ಮಿಷನ್ ಸಿಗ್ಬೇಕಲ್ಲ ಮತ್ತೆ, ಎಂಥಾ ತಲೆ ನೋಡು. ಆ ಕೌದಿ ಆಸ್ಪತ್ರೆಗೆ ಹೋದ್ರೆ ಆಚೆ ಇರೋ ಗಂಡಂದಿರು ಹೆಸರು ಹುಡುಕ್ತಾರೆ. ಹೆಸರಿದ್ರೆ ಬದುಕಿದಾಳೆ.

ನಮ್ಮನೇಲಿ ಅಪ್ಪನ ರೂಮು ನನ್ ರೂಮಿಗೆ ಅಂಟ್ಕೊಂಡೇ ಇದೆ ಕಣೋ, ನಾಲ್ಕಿಂಚು ಗೋಡೆ. ರಾತ್ರಿ ಕೆಮ್ತಾರೆ. ಒಂದಿನ ಕೆಮ್ಮು ಕೇಳ್ಸಿಲ್ಲ ಅಂದ್ರೆ ನಂಗೆ ನಿದ್ದೆ ಬರಲ್ಲ, ಎದ್ದು ಹೋಗಿ ನೋಡೋಕೆ ಧೈರ್ಯ ಇಲ್ಲ, ಬಾತ್‌ರೂಮಿಗೆ ಹೋದಂಗೆ ಮಾಡಿ ಲೈಟು ಹಾಕಿ ಜೋರಾಗಿ ಬಾಗ್ಲು ತೆಗೀತೀನಿ, ಆಗ ಒಳಗಿಂದ ಒಂದು ಕೆಮ್ಮು ಬರುತ್ತೆ, ಬಂದು ಮಲಗ್ತೀನಿ. ಒಂದೊಂದ್ಸಲ ಅನ್ಸುತ್ತೆ, ಅದು ಬೇಕಂತಲೇ ಕೆಮ್ಮೋದೇನೋ ಅಂತ.

ಆಯ್ತು ಬಿಡು, ಜಾಸ್ತಿ ಆಯ್ತು, ಸೀರಿಯಲ್ ಥರ ಹಿನ್ನೆಲೆ ಸಂಗೀತ ಹಾಕ್ಬೇಡಿ ಯಾರೂ. ಹೋದ ವಾರ ಗುಜರಿಯವನ ಹತ್ರ ಹೋಗಿ "ಅಣ್ಣಾ ಒಂದು ಹಾರ್ಲಿಕ್ಸ್ ಬಾಟ್ಲು" ಅಂತ ಕೇಳ್ದೆ. ನನ್ ಮುಖ ಮೇಲಿಂದ ಕೆಳಗೆ ನೋಡಿ ಅಂಗಡಿಲಿ ಹೊಸದು ಸಿಗುತ್ತೆ ಸಾರ್ ಅಂದ.

ಶಿವರಾತ್ರಿಗೆ ಬರ್ತೀನಿ ಅಂದಿದೀಯ. ನಿನ್ ಹತ್ರ ಕಡ್ಡಿ ಮುರಿದ ಛತ್ರಿ ಒಂದಿತ್ತಲ್ಲ, ಎಸ್ದಿಲ್ಲ ತಾನೆ? ತಗೊಂಡ್ಬಾ. ನನ್ ಕೈಗೆ ಕೊಡ್ಬೇಡ, ಸೀದಾ ಅಪ್ಪನ ರೂಮಿಗೆ ಹೋಗು.

ಇಂತಿ,
ತಿಪಟೂರು ಟಿಕೆಟ್ಟು