ಮಗಳಿಗೊಂದು ಪತ್ರ: ನೆರಳೇನೋ ಮಾಯವಾಯಿತು

ಮಂಡ್ಯ

ಪುಟ್ಟಿ,

ಈ ಸಲವೂ ಮೋಡ. ನಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ಏಪ್ರಿಲ್ 23ರ ಸುಮಾರಿಗೆ ಬಂದಾಗ ಸ್ಕೂಲಿಗೆ ರಜೆ. ಆಗಸ್ಟ್ 20ರ ಸುಮಾರಿಗೆ ಬಂದಾಗ ಮಳೆಗಾಲ. ಆದರೂ ಮಕ್ಕಳನ್ನು ಫೀಲ್ಡಿನಲ್ಲಿ ಕೂರಿಸಿಕೊಂಡೆ. ಗಾರೆಯವರ ತೂಗುಗುಂಡು ಇಟ್ಟು ನೋಡಿ ಕೋಲನ್ನು ನೆಟ್ಟಗೆ ನಿಲ್ಲಿಸಿದೆ. 12:25ರ ಹೊತ್ತಿಗೆ ನೆರಳು ಮಾಯವಾಗಬೇಕಿತ್ತು. ಐದು ನಿಮಿಷ ಮೊದಲೇ ಮಾಯವಾಯಿತು, ಮೋಡ ಬಂದು! ಒಬ್ಬ ಹುಡುಗ "ಸಕ್ಸಸ್ ತಾತ" ಅಂತ ಚಪ್ಪಾಳೆ ಬೇರೆ ತಟ್ಟಿದ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. "ಇವತ್ತು ಮೈಸೂರಲ್ಲೂ ನೆರಳಿರಲ್ವಾ?" ಅಂದಳು. ಕಾಲೇಜಿನ ಲ್ಯಾಬ್ ಅಟೆಂಡರ್ ಆಗಿ ಜೀವಮಾನವೆಲ್ಲ ಸಾಮಾನು ಜೋಡಿಸಿಟ್ಟವನು ನಾನು. ಉತ್ತರ ಎಲ್ಲಿಂದ ತರಲಿ? ಅದಕ್ಕೇ ಅವತ್ತು ರಾತ್ರಿ ನಿನಗೆ ಫೋನ್ ಮಾಡಿದ್ದು.

ನೀನು ಹೇಳಿದ್ದನ್ನು ಶನಿವಾರ ಹಾಗೇ ಒಪ್ಪಿಸಿದೆ. ಒಂದು ಮೀಟರ್ ಕೋಲಿಗೆ ಮೈಸೂರಲ್ಲಿ ಬೀಳುವ ನೆರಳು ಹೆಚ್ಚೆಂದರೆ 4 ಮಿಲಿಮೀಟರ್. ನೆರಳಿನ ಅಂಚೇ ಅದಕ್ಕಿಂತ ಜಾಸ್ತಿ ಮಸುಕಾಗಿರುವುದರಿಂದ ಅದು ಕಣ್ಣಿಗೇ ಸಿಗುವುದಿಲ್ಲ. ಬೀದರ್‌ನಷ್ಟು ದೂರ ಹೋದರೆ ಒಂಬತ್ತೂವರೆ ಸೆಂಟಿಮೀಟರ್ ಬೀಳುತ್ತದೆ. ಆ ನೆರಳಿಂದ ಕೋನ ತೆಗೆದು, ಉತ್ತರ-ದಕ್ಷಿಣವಾಗಿ ಇರುವ ಸುಮಾರು 600 ಕಿಲೋಮೀಟರ್ ದೂರ ಸೇರಿಸಿದರೆ ಭೂಮಿಯ ಸುತ್ತಳತೆಯೇ ಸಿಗುತ್ತದೆ. ಈಜಿಪ್ಟಿನಲ್ಲಿ ಎರಟೋಸ್ಥೆನೀಸ್ ಅನ್ನುವ ಗ್ರೀಕ್ ವಿದ್ವಾಂಸ 2,200 ವರ್ಷಗಳ ಹಿಂದೆ ಮಾಡಿದ್ದೂ ಇದನ್ನೇ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು, "ಬೀದರಲ್ಲಿ ಯಾರು ಅಳೀತಾರೆ?" ಅಂದಳು. ಅಲ್ಲಿ ನಿನ್ನ ಫ್ರೆಂಡ್ ಇದ್ದಾಳೆ ಅಲ್ವಾ?

ಪಿಎಚ್‌ಡಿ ಮುಗಿಸಿ ಬಂದು ಮಕ್ಕಳಿಗೆ ಹೇಳಿಕೊಡುತ್ತೇನೆ ಅನ್ನುತ್ತೀಯ. ಬರುವುದು ಬೇಡ, ವಾರಕ್ಕೆ ಅರ್ಧ ಗಂಟೆ ಫೋನಲ್ಲಿ ಸಿಕ್ಕರೆ ಸಾಕು. ಆದರೆ ಲೆಕ್ಕ ನೀನು ಮಾಡಿಕೊಡಬೇಡ. ಎಂಟನೇ ಕ್ಲಾಸಲ್ಲಿ ನಿನ್ನ ಜ್ವಾಲಾಮುಖಿ ಮಾಡೆಲ್ಲಿಗೆ ಪ್ರೈಜ್ ಬಂತಲ್ಲ, ಅದನ್ನು ರಾತ್ರಿಯೆಲ್ಲ ಕೂತು ಮಾಡಿದ್ದು ನಾನು. ನೀನು ಮಲಗಿದ್ದೆ. ವಾಪಸ್ ಬರುವಾಗ ಬಸ್ಸಲ್ಲಿ, ಸೋಡಾಪುಡಿಗೆ ವಿನೆಗರ್ ಹಾಕಿದರೆ ಯಾಕಪ್ಪ ಉಕ್ಕುತ್ತೆ ಅಂತ ಕೇಳಿದೆ. ಪ್ರೈಜ್ ನಿನ್ನ ತೊಡೆ ಮೇಲಿತ್ತು. ನಾನು "ಸುಮ್ನೆ ಕೂತ್ಕೋ" ಅಂದುಬಿಟ್ಟೆ. ಅದು ಇನ್ನೂ ಚುಚ್ಚುತ್ತದೆ.

ನಿನ್ನೆ ಆ ಹುಡುಗಿ ಇನ್ನೊಂದು ತಂದಿದ್ದಾಳೆ. ನೆರಳಿಲ್ಲದ ದಿನಕ್ಕೇ ಯಾಕೆ ಕಾಯಬೇಕು, ಬಿಸಿಲಿರುವ ಯಾವುದಾದರೂ ದಿನ ಎರಡೂ ಊರಲ್ಲಿ ಮಧ್ಯಾಹ್ನದ ಗಿಡ್ಡ ನೆರಳು ಅಳೆದು, ಎರಡು ಕೋನಗಳ ವ್ಯತ್ಯಾಸ ತೆಗೆದರೆ ಆಗಲ್ವಾ, ಅಂತ. ಸರಿ ಅನ್ನಿಸುತ್ತದೆ. ಆದರೆ ನಾನು ಬಾಯಿ ಬಿಡಲಿಲ್ಲ, ನಿನ್ನನ್ನೇ ಕೇಳಲು ಅವಳಿಗೆ ಹೇಳಿದ್ದೇನೆ.

ಭಾನುವಾರ ಸಂಜೆ ಏಳರ ಮೇಲೆ ಅವಳಿಗೆ ಫೋನ್ ಮಾಡು. ಅವರ ಮನೆಗೆಲ್ಲ ಇರುವುದು ಒಂದೇ ಫೋನು, ಅವರಪ್ಪ ಅದನ್ನು ಇಟ್ಟುಕೊಂಡು ಆಲೆಮನೆಯಿಂದ ಬರುವುದು ಆ ಹೊತ್ತಿಗೇ.

ನಿನ್ನ
ಅಪ್ಪ